ಶಿರಸಿಯ ತಂಬೂರಿ ಯಾವ ದಾರಿಯಲ್ಲಿ ಬಂತು?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಶಿರಸಿಯಲ್ಲೇ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಶಾಲೆಯಲ್ಲಿ ‘ಶಾಸ್ತ್ರೀಯ ಸಂಗೀತದ ಇತಿಹಾಸದಲ್ಲಿ ಮುಖ್ಯವಾದ ನಗರಗಳು’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ವಿಯೆನ್ನಾ, ಲೈಪ್‌ಜಿಗ್ ಇಂಥ ಹೆಸರುಗಳೇ ಬರುತ್ತವೆ. ನಮ್ಮ ದೇಶದ ಯಾವ ಊರುಗಳನ್ನು ಬರೆಯಬಹುದು? ಇನ್ನೊಂದು ಅನುಮಾನವೂ ಇದೆ. ಕುಂದಾಪುರದಲ್ಲಿರುವ ನನ್ನ ಅಕ್ಕನ ಮಕ್ಕಳು ಕರ್ನಾಟಕ ಸಂಗೀತ ಕಲಿಯುತ್ತಾರೆ. ನಮ್ಮ ಕಡೆ ನೋಡಿದರೆ ಹೆಚ್ಚಿನವರು ಹಿಂದೂಸ್ತಾನಿ. ಇಷ್ಟು ಹತ್ತಿರ ಇದ್ದೂ ಯಾಕೆ ಹೀಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ದಾರಿ ಅಲ್ಲೇ ಸಿಗುತ್ತದೆ.

1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ಕುಂದಾಪುರ ಮಾತ್ರ ದಕ್ಷಿಣ ಕನ್ನಡದ ಜೊತೆ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳದ ಆಚೆ ಶಿರೂರು ದಾಟಿದರೆ ಮದ್ರಾಸು, ಈಚೆ ಬಂದರೆ ಬೊಂಬಾಯಿ. 1956ರವರೆಗೂ ಹೀಗೇ ನಡೆಯಿತು. ಸುಮಾರು ತೊಂಬತ್ತು ವರ್ಷ ನಮ್ಮವರು ಓದಲಿಕ್ಕೆ, ನೌಕರಿಗೆ, ಕೋರ್ಟಿನ ಕೆಲಸಕ್ಕೆ ಹೋದದ್ದು ಧಾರವಾಡ, ಪುಣೆ, ಬೊಂಬಾಯಿಗೆ. ಅವರು ಅಲ್ಲಿ ಕೇಳಿದ ಹಾಡೇ ಮನೆಗೂ ಬಂತು. ನಿಮ್ಮ ಅಕ್ಕನ ಊರಿನವರು ಮದ್ರಾಸಿನ ಕಡೆ ಮುಖ ಮಾಡಿದ್ದರು, ಅವರಿಗೆ ಅಲ್ಲಿಯ ಸಂಗೀತ ಸಿಕ್ಕಿತು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆ ಕಡೆಯೂ ಹಿಂದೂಸ್ತಾನಿ ಕೇಳುವವರು ಬೇಕಾದಷ್ಟು ಇದ್ದಾರೆ. ಆದರೆ ನಕ್ಷೆಯ ಮೇಲೆ ಒಬ್ಬ ಸಾಹೇಬ ಎಳೆದ ಗೆರೆ ರಾಗಕ್ಕೂ ಗೆರೆಯಾದದ್ದು ನಿಜ.

ಅದಕ್ಕೇ ನಾನು ಕಾರವಾರದಲ್ಲಿ ಕಲಿಸುವ ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ. ಸಂಗೀತದ ಊರು ಅಂತ ಯಾವುದರ ಹೆಸರು ಬಂದರೂ ಎರಡು ಪ್ರಶ್ನೆ ಕೇಳಿ. ಅಲ್ಲಿ ಹಾಡುವವನಿಗೆ ಊಟ ಹಾಕಿದವರು ಯಾರು? ಅವನು ಅಲ್ಲಿಗೆ ಯಾವ ದಾರಿಯಲ್ಲಿ ಬಂದ? ಇವೆರಡಕ್ಕೆ ಉತ್ತರ ಸಿಕ್ಕರೆ ಆ ಊರು ಯಾಕೆ ದೊಡ್ಡದಾಯಿತು ಅಂತ ತಾನಾಗಿ ಗೊತ್ತಾಗುತ್ತದೆ. ನಿಮ್ಮ ಕೂಸಿನ ಪ್ರಾಜೆಕ್ಟನ್ನು ವಿಯೆನ್ನಾದಿಂದ ಶುರು ಮಾಡಬೇಡಿ. ಶಿರಸಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ.

ಹಾಗೆ ಹೊರಟರೆ ಮೊದಲು ಸಿಗುವುದು ಧಾರವಾಡ. ನಮ್ಮ ಘಟ್ಟದ ಮೇಲಿನ ಹಾಸಣಗಿಯ ಗಣಪತಿ ಭಟ್ಟರು, ನಮ್ಮ ಜಿಲ್ಲೆಯವರೇ ಆದ ಪರಮೇಶ್ವರ ಹೆಗಡೆಯವರು ಇಬ್ಬರೂ ಕಲಿತದ್ದು ಧಾರವಾಡದ ಬಸವರಾಜ ರಾಜಗುರುಗಳ ಹತ್ತಿರ. ರಾಜಗುರುಗಳು ಕಲಿತದ್ದು ಗದಗಿನ ಪಂಚಾಕ್ಷರ ಗವಾಯಿಗಳ ಹತ್ತಿರ. ಆಮೇಲೆ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರವೂ ಕಲಿತರು. ನೋಡಿ, ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಗದಗ, ಕುಂದಗೋಳ ಎರಡೂ ಬಂದವು.

ಧಾರವಾಡದಲ್ಲಿ ಅರಮನೆ ಇರಲಿಲ್ಲ, ರಾಜನೂ ಇರಲಿಲ್ಲ. ಮತ್ತೆ ಅಲ್ಲಿ ಸಂಗೀತ ಹೇಗೆ ಬೆಳೆಯಿತು? ಒಂದು, ರೈಲು. ಪುಣೆಯಿಂದ ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹರಿಹರ ಹಾದು ಬೆಂಗಳೂರು, ಮೈಸೂರಿಗೆ ಹೋಗುವ ದಾರಿ ಅದು. ಮೈಸೂರು ಅರಮನೆ ಉತ್ತರದ ಉಸ್ತಾದರನ್ನೂ ಕರೆಸುತ್ತಿತ್ತು. ಅಷ್ಟು ದೂರದ ಪ್ರಯಾಣ, ನಡುವೆ ಒಂದು ಕಡೆ ಇಳಿದು ನಾಲ್ಕು ದಿನ ಸುಧಾರಿಸಿಕೊಳ್ಳಬೇಕು. ಇಳಿದ ಊರಲ್ಲಿ ಒಂದು ಬೈಠಕ್ ಆಗುತ್ತಿತ್ತು. ಎರಡು, ಶಾಲೆ. ಭಾಸ್ಕರಬುವಾ ಬಖಲೆಯವರಂಥ ದೊಡ್ಡ ಗವಾಯಿ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದರು. ಸಿತಾರಿನ ರಹಿಮತ್ ಖಾನರು ಅಲ್ಲೇ ನೆಲೆ ನಿಂತರು. ಮೂರನೆಯದು ಕೇಳುವ ಜನ. ವಕೀಲರು, ಮಾಸ್ತರರು, ಅಂಗಡಿಕಾರರು. ಇವರು ದುಡ್ಡಿನಲ್ಲಿ ರಾಜರಲ್ಲ, ಆದರೆ ಕಿವಿ ಚೆನ್ನಾಗಿತ್ತು.

ಕುಂದಗೋಳದ ಕಥೆ ಇನ್ನೂ ಮಜವಾಗಿದೆ. ಹುಬ್ಬಳ್ಳಿಯ ಪಕ್ಕದ ಸಣ್ಣ ಊರು. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ರಾಮಚಂದ್ರ ಕುಂದಗೋಳಕರ್ ಎಂಬ ಹುಡುಗ ಅಬ್ದುಲ್ ಕರೀಂ ಖಾನರ ಶಿಷ್ಯನಾದ, ಮರಾಠಿ ನಾಟಕದ ರಂಗಕ್ಕೆ ಹೋದ, ಸವಾಯಿ ಗಂಧರ್ವ ಅಂತ ಹೆಸರು ಪಡೆದ. ಅವರು ಊರಿಗೆ ವಾಪಸ್ ಬಂದು ಕಲಿಸಲು ಕೂತಾಗ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತರು. ‘ನಗರ’ ಅನ್ನುವ ಶಬ್ದಕ್ಕೆ ಕುಂದಗೋಳ ಹೊಂದುವುದಿಲ್ಲ, ನಿಜ. ಶಾಲೆಯವರು ತಕರಾರು ಮಾಡಿದರೆ ಹುಬ್ಬಳ್ಳಿ ಅಂತ ಬರೆದು ಪಕ್ಕದಲ್ಲಿ ಕುಂದಗೋಳ ಸೇರಿಸಿ. ಬಿಡಬೇಡಿ ಮಾತ್ರ.

ಈಗ ಮರಾಠಿ ನಾಟಕದ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಿಲ್ಲೆಯವರಿಗೇ ಹೆಚ್ಚು ಗೊತ್ತಿಲ್ಲದ ಒಂದು ಕೊಂಡಿ ಇಲ್ಲಿದೆ. 1842ರ ಹೊತ್ತಿಗೆ ಕನ್ನಡದ ಒಂದು ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದು ಹೊನ್ನಾವರದ ಹತ್ತಿರದ ಕರ್ಕಿಯ ಮೇಳ ಅಂತ ನಮ್ಮ ಕಡೆ ಹೇಳಿಕೊಂಡು ಬಂದಿದ್ದಾರೆ. ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಆಟ ನೋಡಿ ತಮ್ಮಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ, ಮರಾಠಿಯಲ್ಲಿ ಇಂಥದ್ದೊಂದು ಮಾಡು ಅಂದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ಶುರುವಾದದ್ದು ಅಲ್ಲಿಂದ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ‘ಸಂಗೀತ ಶಾಕುಂತಲ’ ಆಡಿಸಿದರು. ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಆಮೇಲೆ ಸಂಗೀತ ನಾಟಕದ ಹುಚ್ಚು ಹಿಡಿಯಿತು. ಖ್ಯಾಲ್ (ರಾಗವನ್ನು ಬೆಳೆಸಿ ಹಾಡುವ ಹಿಂದೂಸ್ತಾನಿ ಪ್ರಕಾರ) ಹಾಡುವ ಗವಾಯಿಗಳೇ ನಾಟಕದ ಹಾಡಿಗೆ ಧಾಟಿ ಹಾಕಿದರು. ಆ ಹಾಡುಗಳು ಕಂಪನಿಗಳ ಜೊತೆ, ಆಮೇಲೆ ಗ್ರಾಮಫೋನ್ ತಟ್ಟೆಗಳ ಜೊತೆ ಬೆಳಗಾವಿ, ಹುಬ್ಬಳ್ಳಿ, ಕಾರವಾರಕ್ಕೆಲ್ಲ ಬಂದವು. ಜನಕ್ಕೆ ಹಿಂದೂಸ್ತಾನಿ ರಾಗದ ರುಚಿ ಹತ್ತಿದ್ದೇ ಹಾಗೆ. ನಮ್ಮ ಕರಾವಳಿ ಕೊಟ್ಟ ಮೂಲಧನ ಬಡ್ಡಿ ಸಮೇತ ವಾಪಸ್ ಬಂದ ಹಾಗಾಯ್ತು, ಅಲ್ವಾ?

ಇನ್ನೊಂದು ಗಮನಿಸಿ. ಸಾಂಗ್ಲಿ, ಮಿರಜ, ಕುರುಂದವಾಡ, ಜಮಖಂಡಿ ನಾಲ್ಕೂ ಪಟವರ್ಧನ ಮನೆತನದ ಸಂಸ್ಥಾನಗಳು. ಒಂದೊಂದೂ ಅಂಗೈ ಅಗಲದ ರಾಜ್ಯ. ದಂಡಯಾತ್ರೆಗೆ ಬ್ರಿಟಿಷರು ಬಿಡುತ್ತಿರಲಿಲ್ಲ. ಉಳಿದ ದೊಡ್ಡಸ್ತಿಕೆ ಅಂದರೆ ಒಳ್ಳೆಯ ಹಾಡುಗಾರನನ್ನು, ಒಳ್ಳೆಯ ಪೈಲ್ವಾನನನ್ನು ಸಾಕುವುದು. ಹೀಗಾಗಿ ಊಟ ಹಾಕುವ ಮನೆಗಳು ಒಂದೇ ಸೀಮೆಯಲ್ಲಿ ಸಾಲಾಗಿ ಸಿಕ್ಕವು.

ಅವುಗಳಲ್ಲಿ ಮಿರಜ ಒಂದು ತೂಕ ಜಾಸ್ತಿ. ನನ್ನನ್ನು ಕೇಳಿದರೆ ನಮ್ಮ ಕಡೆಯ ಸಂಗೀತಕ್ಕೆ ಮಿರಜಕ್ಕಿಂತ ದೊಡ್ಡ ಊರಿಲ್ಲ. ಬಾಲಕೃಷ್ಣಬುವಾ ಇಚಲಕರಂಜಿಕರ್ ಗ್ವಾಲಿಯರ್‌ನ ಗಾಯಕಿಯನ್ನು, ಅಂದರೆ ಹಾಡುವ ಶೈಲಿಯನ್ನು, ಕಲಿತು ಬಂದು ಮಿರಜದಲ್ಲಿ ಪಾಠ ಹೇಳಿದರು. ಕುರುಂದವಾಡದ ಹುಡುಗ ವಿಷ್ಣು ದಿಗಂಬರ ಪಲುಸ್ಕರ್‌ಗೆ ಪಟಾಕಿ ಸಿಡಿದು ಕಣ್ಣು ಹಾಳಾಯಿತು. ಓದು ನಿಂತಿತು. ಅವನನ್ನು ಇದೇ ಬುವಾ ಅವರ ಹತ್ತಿರ ಬಿಟ್ಟರು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮೊದಲು ಹಿಂದೂಸ್ತಾನಿ ಕಲಿತದ್ದೂ ಮಿರಜದಲ್ಲೇ, ನೀಲಕಂಠಬುವಾ ಅವರಲ್ಲಿ. ಉತ್ತರದ ಕಿರಾನಾ ಎಂಬ ಊರಿನ ಅಬ್ದುಲ್ ಕರೀಂ ಖಾನರು ಕೊನೆಗೆ ನೆಲೆ ನಿಂತದ್ದೂ ಇಲ್ಲೇ. 1937ರಲ್ಲಿ ಅವರು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುತ್ತಿದ್ದಾಗ ಮೈಗೆ ಹುಷಾರು ತಪ್ಪಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಆ ಪ್ಲಾಟ್‌ಫಾರ್ಮಿನಲ್ಲೇ ಪ್ರಾಣ ಬಿಟ್ಟರು. ಮಣ್ಣಾದದ್ದು ಮಾತ್ರ ಮಿರಜದ ದರ್ಗಾದ ಅಂಗಳದಲ್ಲಿ.

ಮಿರಜಕ್ಕೆ ಇನ್ನೊಂದು ಮುಖ ಇದೆ, ತಂಬೂರಿ. 19ನೇ ಶತಮಾನದ ನಡುವೆ ಕತ್ತಿ ಮಾಡುವ, ಸಾಣೆ ಹಿಡಿಯುವ ಶಿಕಲಗಾರ ಮನೆತನದವರು ತಂತಿವಾದ್ಯ ಮಾಡಲು ಶುರು ಮಾಡಿದರು. ಕತ್ತಿಗೆ ಕೆಲಸ ಇರಲಿಲ್ಲ, ಹಾಡುವವರಿಗೆ ತಂಬೂರಿ ಬೇಕಿತ್ತು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ನಾನು ಮೊದಲ ಸಲ ಹೋದಾಗ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಅಂಗಡಿಯಲ್ಲಿ ಕೂತಿದ್ದೆ. ಮೇಲೆ ಅಟ್ಟದಿಂದ ಒಣಗಿದ ಸೋರೆಬುರುಡೆಗಳು ತೂಗುತ್ತಿದ್ದವು. ಅಜ್ಜ ಒಬ್ಬರು ತಂಬೂರಿಯ ಕುದುರೆಯನ್ನು (ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ) ಒಂದೆರಡು ಸಲ ಸಣ್ಣಗೆ ಉಜ್ಜುವುದು, ತಂತಿ ಕೂಡಿಸುವುದು, ತಂತಿಯ ಕೆಳಗೆ ನೂಲಿನ ಎಳೆ ಸರಿಸುವುದು, ಕಿವಿ ಕೊಡುವುದು, ತಲೆ ಅಲ್ಲಾಡಿಸುವುದು, ಮತ್ತೆ ತಂತಿ ಬಿಚ್ಚುವುದು. ಜವಾರಿ ತೆಗೆಯುವುದು ಅಂದರೆ ಇದೇ. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ನೂಲು ಕೂದಲೆಳೆಯಷ್ಟು ಮುಂದೆ ಹೋಯಿತು ನೋಡಿ. ಸತ್ತಂತಿದ್ದ ತಂತಿ ಜೇನುಹುಟ್ಟಿನ ಹಾಗೆ ಗುಂಯ್ ಅಂತು. ಅಜ್ಜ ಏನೂ ಹೇಳಲಿಲ್ಲ. ಚಹಾ ತರಿಸಿದರು.

ಆ ತಂಬೂರಿಯನ್ನು ಹುಬ್ಬಳ್ಳಿವರೆಗೆ ರೈಲಿನಲ್ಲಿ ತಂದೆ. ಅಲ್ಲಿಂದ ಬಸ್ಸು. ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಮಲಗಿಸಿದ್ದೆ. ಯಲ್ಲಾಪುರದಲ್ಲಿ ಚಹಾ ಕುಡಿಯಲು ಇಳಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ಈರುಳ್ಳಿ ಚೀಲ ಇಟ್ಟಿದ್ದರು. ಅರೆಬೈಲು ಘಟ್ಟ ಇಳಿಯುವಾಗ ಬುರುಡೆ ಸೀಳಿತು. ಮರುವರ್ಷ ಅದೇ ಅಜ್ಜನ ಹತ್ತಿರ ಒಯ್ದೆ. ಒಳಗಿಂದ ಬುರುಡೆಯ ಚೂರು ಅಂಟಿಸಿ ಸರಿ ಮಾಡಿಕೊಟ್ಟರು. ಇವತ್ತಿಗೂ ಅದೇ ತಂಬೂರಿ. ಸಮುದ್ರದ ಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಆಷಾಢದಲ್ಲಂತೂ ತಬಲಾದ ಚರ್ಮ ಸಡಿಲಾಗಿ ಸುತ್ತಿಗೆ ಹಿಡಿದೇ ಕೂತಿರಬೇಕಾಗುತ್ತದೆ. ಆ ವಿಷಯದಲ್ಲಿ ಶಿರಸಿಯವರು ನೀವು ನಮಗಿಂತ ಸ್ವಲ್ಪ ಪುಣ್ಯವಂತರು.

ಮಿರಜದಿಂದ ಇನ್ನೂ ಹಿಂದೆ ಹೋದರೆ ಗ್ವಾಲಿಯರ್. ರಾಜಾ ಮಾನಸಿಂಗ ತೋಮರ್ 1486ರಿಂದ 1516ರವರೆಗೆ ಆಳಿದ, ಧ್ರುಪದ ಎಂಬ ಹಳೆಯ ಗಾಯನ ಪ್ರಕಾರಕ್ಕೆ ಆಸರೆ ಕೊಟ್ಟ. ತಾನ್‌ಸೇನರ ಗೋರಿ ಇರುವುದೂ ಅಲ್ಲೇ. ಗೋರಿಯ ಪಕ್ಕದ ಹುಣಸೆ ಎಲೆ ತಿಂದರೆ ಕಂಠ ಸುಧಾರಿಸುತ್ತದೆ ಅಂತ ನಂಬಿಕೆ. ಹದ್ದೂ ಖಾನ್, ಹಸ್ಸೂ ಖಾನ್ ಅಣ್ಣತಮ್ಮಂದಿರು 19ನೇ ಶತಮಾನದಲ್ಲಿ ಅಲ್ಲೇ ಖ್ಯಾಲ್ ಗಾಯಕಿಯನ್ನು ಗಟ್ಟಿ ಮಾಡಿದರು. ಬಾಲಕೃಷ್ಣಬುವಾ ಅವರ ಗುರು ವಾಸುದೇವಬುವಾ ಜೋಶಿ ಹಸ್ಸೂ ಖಾನರ ಶಿಷ್ಯರು. ಉಸ್ತಾದರ ಮನೆಯೊಳಗಿದ್ದ ವಿದ್ಯೆ ಬೇರೆ ಮನೆಗಳಿಗೆ ಹಾದುಹೋದ ದಾರಿಗಳಲ್ಲಿ ಇದೂ ಒಂದು. ಗ್ವಾಲಿಯರ್‌ಗೆ 2023ರಲ್ಲಿ ಯುನೆಸ್ಕೋ ‘ಸಂಗೀತದ ನಗರ’ ಅಂತ ಮನ್ನಣೆ ಕೊಟ್ಟಿದೆ. ವಾರಾಣಸಿಗೆ 2015ರಲ್ಲಿ, ಚೆನ್ನೈಗೆ 2017ರಲ್ಲಿ ಸಿಕ್ಕಿತ್ತು. ಶಾಲೆಯ ಪ್ರಾಜೆಕ್ಟಿಗೆ ಇಂಥ ವಿವರ ಚಂದ ಕಾಣುತ್ತದೆ, ಹಾಕಿ.

ಲಾಹೋರ್ ಹೆಸರು ಕೇಳಿ ನಿಮಗೆ ಆಶ್ಚರ್ಯ ಆಗಬಹುದು. ಮಿರಜ ಬಿಟ್ಟು ಹೊರಟ ಪಲುಸ್ಕರರು 1901ರ ಮೇ 5ರಂದು ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಲಾಹೋರಿನಲ್ಲಿ. ರಾಜನ ದುಡ್ಡಲ್ಲ, ಜನರ ದೇಣಿಗೆ. ಫೀಸು, ಪಠ್ಯ, ಪರೀಕ್ಷೆ. 1908ರಲ್ಲಿ ಬೊಂಬಾಯಿಯಲ್ಲೂ ಶಾಲೆ ಶುರುವಾಯಿತು. ಈಗ ನಮ್ಮ ಹಳ್ಳಿ ಮಕ್ಕಳೂ ಪ್ರಾರಂಭಿಕ, ಪ್ರವೇಶಿಕಾ, ವಿಶಾರದ ಅಂತ ಪರೀಕ್ಷೆಗೆ ಕೂರುತ್ತಾರಲ್ಲ, ಅದರ ಬೇರು ಅಲ್ಲಿದೆ. ಈ ಪರೀಕ್ಷೆಗಳ ಬಗ್ಗೆ ನನಗೆ ದೊಡ್ಡ ಪ್ರೀತಿ ಇಲ್ಲ. ಆದರೆ ಅವು ಇಲ್ಲದಿದ್ದರೆ ಅಡಿಕೆ ತೋಟದ ಮನೆಯ ಕೂಸುಗಳಿಗೆ ರಾಗದ ಹೆಸರೂ ಗೊತ್ತಾಗುತ್ತಿರಲಿಲ್ಲ. ಅದನ್ನು ಒಪ್ಪಲೇಬೇಕು.

ಇದು ಘಟ್ಟದ ಮೇಲಿನ ದಾರಿ. ಕರಾವಳಿಯ ದಾರಿ ಬೇರೆ, ಅದು ಬೊಂಬಾಯಿಗೆ ಹೋಗುತ್ತದೆ. ಲಖನೌದ ಮ್ಯಾರಿಸ್ ಕಾಲೇಜಿನಲ್ಲಿ ರಾತಂಜನಕರರ ಹತ್ತಿರ ಕಲಿತ ದಿನಕರ ಕೈಕಿಣಿ, ಪನ್ನಾಲಾಲ್ ಘೋಷರ ಹತ್ತಿರ ಬಾನ್ಸುರಿ ಕಲಿತ ದೇವೇಂದ್ರ ಮುರ್ಡೇಶ್ವರ, ಮೈಹರ್ ಪರಂಪರೆಯ ಅನ್ನಪೂರ್ಣಾದೇವಿಯವರ ಶಿಷ್ಯ ನಿತ್ಯಾನಂದ ಹಳದೀಪುರ. ಹೆಸರುಗಳನ್ನು ಜೋರಾಗಿ ಓದಿ. ಕೈಕಿಣಿ, ಮುರ್ಡೇಶ್ವರ, ಹಳದೀಪುರ. ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸಿನ ನಿಲ್ದಾಣಗಳ ಹಾಗೆ ಕೇಳುವುದಿಲ್ಲವೇ? ಸಾರಸ್ವತ ಕುಟುಂಬಗಳು ನೌಕರಿ ಹುಡುಕಿ ದೊಡ್ಡ ಊರುಗಳಿಗೆ ಹೋದವು, ಹಳ್ಳಿಯ ಹೆಸರನ್ನು ಅಡ್ಡಹೆಸರಾಗಿ ಹೊತ್ತುಕೊಂಡು ಹೋದವು.

ಕಾರವಾರದಲ್ಲಿ ಕಾಳಿ ಸೇತುವೆ ದಾಟಿದರೆ ಸ್ವಲ್ಪ ಹೊತ್ತಿಗೆ ಗೋವಾ. ಅಲ್ಲಿಯ ಕೇರಿ ಎಂಬ ಊರಿನ ಕೇಸರಬಾಯಿ ಕೇರ್ಕರ್, ಕುರ್ಡಿಯ ಮೊಗೂಬಾಯಿ ಕುರ್ಡೀಕರ್ ಇಬ್ಬರೂ ಅಲ್ಲಾದಿಯಾ ಖಾನರ ಶಿಷ್ಯೆಯರು. ಇಬ್ಬರೂ ಹೆಸರು ಮಾಡಿದ್ದು ಬೊಂಬಾಯಿಯಲ್ಲಿ. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳಲ್ಲಿ ಇಟ್ಟ ತಟ್ಟೆಯಲ್ಲಿ ಕೇಸರಬಾಯಿಯ ಭೈರವಿ ಇದೆ. ಮೊಗೂಬಾಯಿಯ ಕುರ್ಡಿ ಸಾಲಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗಳ ಅಡಿಪಾಯ ಮೇಲೆ ಬರುತ್ತವೆ. ಒಂದು ಊರಿನ ದನಿ ಗ್ರಹಗಳ ಆಚೆ ಹೋಗಿದೆ, ಇನ್ನೊಂದು ಊರು ನೀರಿನ ಅಡಿ.

ಹಾಗಾದರೆ ಕಾರವಾರ? ಟಾಗೋರರು ಯುವಕರಿದ್ದಾಗ, ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು, ಒಂದು ನಾಟಕವನ್ನೂ ಬರೆದರು. ಕಡಲತೀರಕ್ಕೆ ಅವರ ಹೆಸರಿದೆ. ಅಷ್ಟಕ್ಕೇ ಕಾರವಾರವನ್ನು ಸಂಗೀತ ನಗರ ಅಂತ ಬರೆಯಬೇಡಿ. ನಮ್ಮೂರಿನ ಮೇಲೆ ನನಗೂ ಅಭಿಮಾನ ಇದೆ, ಆದರೆ ಸುಮ್ನೆ ಉಬ್ಬಿಸಿದರೆ ಮಾಸ್ತರರು ಕೆಂಪು ಶಾಯಿ ಹಾಕುತ್ತಾರೆ.

ಅಕ್ಕನ ಮಕ್ಕಳ ಕಡೆಯ ದಾರಿಯನ್ನೂ ಪ್ರಾಜೆಕ್ಟಿನಲ್ಲಿ ಸೇರಿಸಿ. ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಮೂವರೂ ಹುಟ್ಟಿದ್ದು ತಿರುವಾರೂರು ಎಂಬ ಒಂದೇ ಊರಿನಲ್ಲಿ. ಆ ಕಾಲಕ್ಕೆ ಕಾವೇರಿಯ ಗದ್ದೆಗಳ ಭತ್ತ, ತಂಜಾವೂರಿನ ಮರಾಠಾ ಅರಸರ ಆಸರೆ, ದೇವಸ್ಥಾನಗಳ ಉಂಬಳಿ ಎಲ್ಲ ಒಟ್ಟಿಗಿತ್ತು. 1855ರಲ್ಲಿ ಆ ಅರಸೊತ್ತಿಗೆ ಮುಗಿಯಿತು. ಊಟ ಹಾಕುವ ಮನೆ ಬಾಗಿಲು ಮುಚ್ಚಿದ್ದೇ ವಿದ್ವಾಂಸರು ಮದ್ರಾಸಿನ ಸಾಹುಕಾರರ, ವಕೀಲರ ಕಡೆ ಹೊರಟರು. 1928ರಲ್ಲಿ ಅಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಉತ್ತರದಲ್ಲೂ ಇದೇ ಕಥೆ. 1856ರಲ್ಲಿ ಲಖನೌದ ನವಾಬ ವಾಜಿದ್ ಅಲಿ ಶಾ ಗಾದಿ ಕಳೆದುಕೊಂಡು ಕೋಲ್ಕತ್ತದ ಮಟಿಯಾಬುರ್ಜಿಗೆ ಹೋದ. ಠುಮ್ರಿ ಹಾಡು, ಕಥಕ್ ನೃತ್ಯ ಅವನ ಹಿಂದೆಯೇ ಹೋದವು.

ಕೋಲ್ಕತ್ತದಿಂದ ಒಂದು ಎಳೆ ಸೀದಾ ಮೈಸೂರಿಗೆ ಬರುತ್ತದೆ. 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಮೂರು ನಿಮಿಷದ ಹಾಡು ಮುಗಿದ ಮೇಲೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೂಗಿ ಹೇಳುವ ಆ ಹೆಂಗಸು ಕೊನೆಗಾಲ ಕಳೆದದ್ದು ಮೈಸೂರಿನ ಆಶ್ರಯದಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರ ಊರು ಅದು. ಆಗ್ರಾ ಘರಾನೆಯ (ಗುರುಪರಂಪರೆಯ) ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’ ಅಂತ ಬಿರುದು ಕೊಟ್ಟದ್ದೂ ಮೈಸೂರು ದರ್ಬಾರ್.

ವಿಯೆನ್ನಾ ಬೇಕೇ ಬೇಕು ಅಂದರೆ ಅದಕ್ಕೂ ಅದೇ ಎರಡು ಪ್ರಶ್ನೆ ಕೇಳಿ. ಮೊಜಾರ್ಟ್ 1781ರಲ್ಲಿ, ಬೀಥೋವನ್ 1792ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ್ದು ಅಲ್ಲಿ ಚಕ್ರವರ್ತಿ ಇದ್ದ, ಜಹಗೀರುದಾರರು ಇದ್ದರು ಅಂತ. ಲೈಪ್‌ಜಿಗ್‌ನಲ್ಲಿ ಬಾಖ್‌ಗೆ 1723ರಿಂದ 1750ರವರೆಗೆ ಸಂಬಳ ಕೊಟ್ಟದ್ದು ಆ ಊರಿನ ನಗರಸಭೆ. ಇಟಲಿಯ ಕ್ರೆಮೋನಾ ಅವರ ಮಿರಜ, ಸ್ಟ್ರಾಡಿವರಿಯ ಪಿಟೀಲುಗಳು ಹುಟ್ಟಿದ ಊರು. ಇಷ್ಟು ಸಾಕು. ಒಂದು ಮಾತ್ರ ಸೇರಿಸಿ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಲಂಡನ್ನಿನಲ್ಲಿ 1950ರ ಮೇ 22ರಂದು ಹಾಡಲ್ಪಟ್ಟವು. ಆ ಕಛೇರಿಗೆ ಹಣದ ಬೆನ್ನು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಲಂಡನ್ನಿನ ಊಟಕ್ಕೆ ಮೈಸೂರಿನ ಅಕ್ಕಿ!

ಪ್ರಾಜೆಕ್ಟ್ ಮಾಡುವ ಬಗ್ಗೆ ಹೇಳುವುದಾದರೆ, ದೊಡ್ಡ ಹಾಳೆಯಲ್ಲಿ ನಕ್ಷೆ ಬರೆಸಿ. ಶಿರಸಿಗೆ ಒಂದು ಚುಕ್ಕೆ. ಕೂಸು ತನ್ನ ಗುರುಗಳ ಹತ್ತಿರ ಕೇಳಲಿ, ನಿಮಗೆ ಕಲಿಸಿದವರು ಯಾರು, ಯಾವ ಊರು? ಅವರಿಗೆ ಕಲಿಸಿದವರು? ಹೀಗೆ ಒಂದೊಂದು ಹೆಸರಿಗೆ ಒಂದೊಂದು ಚುಕ್ಕೆ ಇಟ್ಟು ದಾರ ಕಟ್ಟಲಿ. ಅಕ್ಕನ ಮಕ್ಕಳ ಗುರುಗಳಿಗೂ ಫೋನ್ ಮಾಡಿಸಿ, ಅವರದ್ದಕ್ಕೆ ಬೇರೆ ಬಣ್ಣದ ದಾರ. ನಿಮ್ಮ ದಾರ ನಾಲ್ಕೈದು ಹೆಸರಿನೊಳಗೆ ಮಿರಜವನ್ನೋ ಕುಂದಗೋಳವನ್ನೋ ಮುಟ್ಟುತ್ತದೆ ಅಂತ ನನ್ನ ಅಂದಾಜು. ಮುಟ್ಟದಿದ್ದರೆ ಎಲ್ಲಿಗೆ ಹೋಯಿತು ಅಂತ ನನಗೊಂದು ಸಾಲು ಬರೆಯಿರಿ.